ಬೀಳದವನ ಬೆಳಗು

ಬೆಳಕು ಹರಿಯುವ ಮೊದಲೇ ಬಾಕ್ಸಿಂಗ್ ಜಿಮ್ಮಿನ ನೆಲ ಒರೆಸಿ ಮುಗಿಸಿದ ಹೆಂಗಸು, ರಿಂಗಿನ ಅಂಚಿನಲ್ಲಿ ಕೂತು ಗಂಡನ ಗ್ಲೌಸಿನ ದಾರ ಬಿಗಿಯುತ್ತಿದ್ದಾಳೆ.

"ನೆನಪಿದೆ ತಾನೆ? ಇವತ್ತು ಬೀಳ್ಬೇಕು."

"ಬೀಳ್ತೀನಿ ಕಣೇ. ನಿನ್ನನ್ನ ಕಟ್ಕೊಂಡಾಗ್ಲೇ ಬಿದ್ದಿದ್ದೆ, ಇದೇನು ಮಹಾ."

ಇಲ್ಲಿ ಎಲ್ಲರೂ ಅವನನ್ನು 'ಗೋಡೆ' ಎನ್ನುತ್ತಾರೆ. ಪಂದ್ಯಕ್ಕೆ ತಯಾರಾಗುವವರ ಎದುರು ನಿಂತು ಏಟು ತಿನ್ನುವುದೇ ಅವನ ಕೆಲಸ. ಇಲ್ಲಿನ ಚಾಂಪಿಯನ್ ವರ್ಷಕ್ಕೆ ಮೂರೋ ನಾಲ್ಕೋ ಪಂದ್ಯ ಆಡುತ್ತಾನೆ. ಗೋಡೆಗೆ ದಿನಬೆಳಗಾದರೆ ಪಂದ್ಯ, ರೆಫರಿಯಿಲ್ಲ, ಚಪ್ಪಾಳೆಯಿಲ್ಲ. ಹದಿನಾಲ್ಕು ವರ್ಷದಿಂದ ಅವನ ಮೈಮೇಲೆ ಕೈ ಪಳಗಿಸಿಕೊಂಡವರ ಫೋಟೋಗಳು ಬಾಗಿಲಿನಿಂದ ಬಚ್ಚಲಿನವರೆಗೆ ತೂಗುತ್ತಿವೆ. ಅವನದೊಂದೂ ಇಲ್ಲ.

"ಜಪ್ಪಯ್ಯ ಅಂದ್ರೂ ಬೀಳಲ್ಲ. ಅಂಥ ತಲೆ ಲಕ್ಷಕ್ಕೊಂದು," ಎನ್ನುತ್ತಾರೆ ಕೋಚ್.

ಆ ತಲೆ ಈಗ ಕೈಕೊಡುತ್ತಿದೆ. ಒಲೆಯ ಮೇಲೆ ಹಾಲಿಟ್ಟದ್ದು ಮರೆಯುತ್ತಾನೆ. ಮಗಳನ್ನು ತಂಗಿಯ ಹೆಸರಿನಿಂದ ಕರೆಯುತ್ತಾನೆ. ಸುಮ್ಮಸುಮ್ಮನೆ ರೇಗಿ, ಆಮೇಲೆ ಯಾಕೆ ರೇಗಿದೆನೆಂದು ಹೆಂಡತಿಯನ್ನೇ ಕೇಳುತ್ತಾನೆ. ಹೋದ ತಿಂಗಳು ಅವಳು ಅವನನ್ನು ಆಸ್ಪತ್ರೆಗೆ ಎಳೆದೊಯ್ದಳು. ಇಷ್ಟು ಜನ ಗುದ್ದಾಡುತ್ತಾರೆ, ಕೆಲವರ ಮಿದುಳೇ ಯಾಕೆ ಕೆಡುತ್ತದೆ ಎಂದು ಕೇಳಿದಳು.

"ಪೂರ್ತಿ ನಮಗೂ ಗೊತ್ತಿಲ್ಲಮ್ಮ," ಎಂದರಂತೆ ವೈದ್ಯೆ. "ಹುಟ್ಟಿನಿಂದ ಬಂದದ್ದೂ ಇರ್ಬಹುದು. ಆದ್ರೆ ಎಷ್ಟು ವರ್ಷ, ಎಷ್ಟು ಏಟು ಅನ್ನೋದೇ ದೊಡ್ಡದು. ಬಿದ್ದವನನ್ನ ಮನೆಗೆ ಕಳಿಸಿ ಮಲಗಿಸ್ತಾರೆ. ಬೀಳದವನು ತಿಂತಾನೇ ಇರ್ತಾನೆ."

ಕೆಲಸ ಬಿಡು ಎಂದರೆ ಗೋಡೆ ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ಜಿಮ್ಮಿನಲ್ಲೊಂದು ಕಟ್ಟಳೆಯಿದೆ: ನೆಲ ಕಂಡವನು ಎರಡು ತಿಂಗಳು ರಿಂಗ್ ಹತ್ತುವಂತಿಲ್ಲ. ಅಷ್ಟಾದರೂ ಸಿಗಲಿ ಎಂದು ಅವಳು ನಿನ್ನೆ ಅತ್ತು ಕರೆದು ಮಾತು ತೆಗೆದುಕೊಂಡಿದ್ದಾಳೆ.

ಇವತ್ತಿನ ಅಭ್ಯಾಸದ ಮೂರನೇ ಸುತ್ತು. ಚಾಂಪಿಯನ್ನನ ಬಲಗೈ ಗದ್ದಕ್ಕೆ ಅಪ್ಪಳಿಸುತ್ತದೆ. ಗೋಡೆಯ ಮೊಣಕಾಲು ಕುಸಿಯುತ್ತದೆ. ಅವಳು ಟವೆಲ್ ಹಿಡಿದು ಅರ್ಧ ಎದ್ದಿದ್ದಾಳೆ. ಅವನು ಹಗ್ಗಕ್ಕೆ ಜೋತು, ತೂಗಾಡಿ, ಮತ್ತೆ ನೆಟ್ಟಗೆ ನಿಲ್ಲುತ್ತಾನೆ.

"ಭೇಷ್," ಎನ್ನುತ್ತಾರೆ ಕೋಚ್.

ಗಂಟೆ ಹೊಡೆದ ಮೇಲೆ ಅವನ ಮುಖ ಒರೆಸುತ್ತ ಅವಳು ತಗ್ಗಿದ ದನಿಯಲ್ಲಿ ಕೇಳುತ್ತಾಳೆ: "ಮಾತು ಕೊಟ್ಟಿದ್ರಲ್ಲ. ಯಾಕೆ ಬೀಳ್ಲಿಲ್ಲ?"

ಅವನು ಅವಳನ್ನೇ ನೋಡುತ್ತಾನೆ. ಕಣ್ಣಲ್ಲಿ ತಮಾಷೆಯಿಲ್ಲ.

"ಯಾವ ಮಾತು?"

ಅವಳು ತಲೆ ತಗ್ಗಿಸಿ ಗ್ಲೌಸಿನ ದಾರ ಬಿಚ್ಚತೊಡಗುತ್ತಾಳೆ.

"ಬೀಳೋದಾ? ನಾನಾ?" ಊದಿದ ತುಟಿಯಲ್ಲೇ ಅವನು ನಗುತ್ತಾನೆ. "ಇಷ್ಟು ವರ್ಷದಲ್ಲಿ ಒಂದ್ಸಲ ಬಿದ್ದಿದ್ದೀನೇನೇ? ನೀನೇ ಹೇಳು."