ನೀರು ಬಂದರೆ ಎಬ್ಬಿಸು

ನಂಬದವರು ಇಲ್ಲಿಗೇ ನಿಲ್ಲಿಸಿ ಬೇರೆ ಕೆಲಸ ನೋಡಿಕೊಳ್ಳಲಿ. ಕೈ ಮುಗಿದು ನಂಬಿಸುವ ತಾಳ್ಮೆ ನನಗಿಲ್ಲ. ಇಪ್ಪತ್ತೆರಡು ವರ್ಷ ಬಸ್ಸಿನ ಸ್ಟೇರಿಂಗ್ ಹಿಡಿದವನು ನಾನು. ಕುಡಿಯುವುದಿಲ್ಲ, ಗುಟ್ಕಾ ಮುಟ್ಟುವುದಿಲ್ಲ. ನಡೆದದ್ದನ್ನು ಹೇಳಿದಾಗಲೆಲ್ಲ ಯಾರಾದರೊಬ್ಬರು ಕಿಸಕ್ಕೆಂದು ನಕ್ಕು "ಕನಸ ಬಿದ್ದಿರಬೇಕು ಬಿಡ್ರಿ" ಅನ್ನುತ್ತಾರೆ. ಅಲ್ಲ ಸ್ವಾಮಿ, ಕನಸು ಬೀಳಬೇಕಾದರೆ ಮೊದಲು ನಿದ್ದೆ ಬರಬೇಕಲ್ಲ? ಆಗ ನನಗೆ ಐದು ತಿಂಗಳಿಂದ ನಿದ್ದೆಯೇ ಇರಲಿಲ್ಲ!

ನನ್ನ ಮನೆ ಬೈಲಹೊಂಗಲದಲ್ಲಿ. ಡ್ಯೂಟಿ ಮಾತ್ರ ಮುನವಳ್ಳಿ ಕಡೆಯ ಒಂದು ಹಳ್ಳಿಯ ವಸ್ತಿ ಬಸ್ಸಿನದು. ಸಂಜೆಯ ಕೊನೆಯ ಟ್ರಿಪ್ಪು ಮುಗಿಸಿದ ಬಸ್ಸು ರಾತ್ರಿ ಹಳ್ಳಿಯಲ್ಲೇ ನಿಲ್ಲುತ್ತದೆ. ಡ್ರೈವರು, ಕಂಡಕ್ಟರು ಅಲ್ಲೇ ಮಲಗಿ ಬೆಳಗಿನ ಮೊದಲ ಟ್ರಿಪ್ಪು ಬಿಡಬೇಕು. ಅದೇ ವಸ್ತಿ. ಊರಿನ ಹೆಸರು ಹೇಳುವುದಿಲ್ಲ, ಅಲ್ಲಿ ಮನೆ ಮಾಡಿಕೊಂಡಿರುವವರಿಗೆ ಸುಮ್ಮನೆ ಕಿರಿಕಿರಿ. ಮಲಪ್ರಭೆಗೆ ಅಣೆಕಟ್ಟು ಕಟ್ಟಿದಾಗ ಹಳೆಯ ಊರು ಮುಳುಗಿತು, ಜನ ಮೇಲೆ ಬಂದು ದಿಬ್ಬದಲ್ಲಿ ಹೊಸ ಊರು ಕಟ್ಟಿಕೊಂಡರು. ಇಷ್ಟು ತಿಳಿದರೆ ಸಾಕು.

ನಿದ್ದೆ ಹೋದದ್ದು ನನ್ನ ತಪ್ಪಿನಿಂದಲೇ. ಅಕ್ಟೋಬರಿನಲ್ಲಿ ಒಂದು ದಿನ ಐದೂ ಮುಕ್ಕಾಲರ ಬಸ್ಸು ಬಿಡಬೇಕಾದವನು ಏಳು ಗಂಟೆಯವರೆಗೆ ಗೊರಕೆ ಹೊಡೆದೆ. ಕಂಡಕ್ಟರು ಅವತ್ತು ರಜೆ, ಎಬ್ಬಿಸುವವರು ಇರಲಿಲ್ಲ. ಪಿಯುಸಿ ಮಕ್ಕಳಿಗೆ ಅಂದು ಪರೀಕ್ಷೆ. ಬಸ್ಸಿನ ಬಾಗಿಲು ಬಡಿದು, ಕಾದು ಕಾದು, ಕೊನೆಗೆ ಟಂಟಂ ಆಟೋ ಹಿಡಿದು ಓಡಿದರು. ನನಗೆ ಎಚ್ಚರವಾದಾಗ ಒಂದು ಹುಡುಗಿ ಮಾತ್ರ ಬಸ್ಸಿನ ಕಿಟಕಿಯ ಹತ್ತಿರ ನಿಂತು, ಅಳುತ್ತಾ, "ನೀವು ಮಕ್ಕೋರಿ ಅಂಕಲ್, ಮಕ್ಕೋರಿ" ಅಂದು ಹೋದಳು. ಡಿಪೋದಿಂದ ನೋಟೀಸು ಬಂತು. ಅದು ಅಷ್ಟು ಚುಚ್ಚಲಿಲ್ಲ. ಆ ಹುಡುಗಿಯ ಮಾತು ಚುಚ್ಚಿತು.

ಅವತ್ತಿನಿಂದ, ಎಚ್ಚರವಾಗದಿದ್ದರೆ ಎಂಬ ಹೆದರಿಕೆಗೆ ಕಣ್ಣೇ ಮುಚ್ಚದಾಯಿತು. ಮೊಬೈಲ್ ಒತ್ತಿ ಗಂಟೆ ನೋಡುವುದು. ಈಗ ಮಲಗಿದರೆ ನಾಲ್ಕು ತಾಸು... ಮತ್ತೆ ಒತ್ತುವುದು. ಈಗ ಮಲಗಿದರೆ ಮೂರು... ಸಂಜೆ ಸೂರ್ಯ ಇಳಿಯುತ್ತಿದ್ದಂತೆ ಎದೆ ಡವಡವ ಅನ್ನುತ್ತಿತ್ತು. ಹಾಸಿಗೆ ಕಂಡರೆ ಜಪ್ತಿಗೆ ಬಂದ ಅಮೀನನನ್ನು ಕಂಡಂತೆ ಆಗುತ್ತಿತ್ತು.

ಇನ್ನು ಉಪದೇಶ ಮಾಡುವವರು! ಅಂಗಾಲಿಗೆ ಎಣ್ಣೆ ತಿಕ್ಕಿ ಅಂದರು, ತಿಕ್ಕಿದೆ. ಗಸಗಸೆ ಪಾಯಸ ಕುಡೀರಿ ಅಂದರು, ಕುಡಿದೆ. ಮೊಬೈಲ್ ದೂರ ಇಡಿ ಅಂದರು, ಇಟ್ಟು ಎದ್ದು ಹೋಗಿ ನೋಡಿದೆ. "ಚಿಂತಿ ಇಲ್ಲದಾಂವಗ ಸಂತ್ಯಾಗೂ ನಿದ್ದಿ" ಅಂತ ಗಾದೆ ಹೇಳಿದವನ ಕಪಾಳಕ್ಕೆ ಬಿಡಬೇಕು ಅನ್ನಿಸಿತ್ತು. ಡಾಕ್ಟರು ಗುಳಿಗೆ ಬರೆದುಕೊಟ್ಟು, "ಇದನ್ನ ತಗೊಂಡು ಗಾಡಿ ಹೊಡೀಬ್ಯಾಡ್ರಿ" ಅಂದರು. ಗಾಡಿ ಹೊಡೆಯದೆ ಏನು ಮಣ್ಣು ತಿನ್ನಲೇ?

ಮಾರ್ಚಿನಲ್ಲಿ ಆಗಬಾರದ್ದು ಆಗುವುದರಲ್ಲಿತ್ತು. ಬೆಳಗಿನ ಟ್ರಿಪ್ಪು, ಬಸ್ಸಿನ ತುಂಬ ಮಕ್ಕಳು. ಎಷ್ಟು ಹೊತ್ತು ಕಣ್ಣು ಮುಚ್ಚಿದ್ದೆನೋ ಗೊತ್ತಿಲ್ಲ. ಕಂಡಕ್ಟರು ಮೆಹಬೂಬ "ಅಣ್ಣಾರ!" ಎಂದು ಚೀರಿದಾಗ ಎಡಗಡೆಯ ಗಾಲಿ ರಸ್ತೆ ಬಿಟ್ಟು ಇಳಿದಿತ್ತು. ಮುಂದೆ ನಾಲ್ಕು ಮಾರು ದೂರದಲ್ಲಿ ಕಾಲುವೆ. ಹೇಗೆ ತಿರುಗಿಸಿದೆನೋ ದೇವರೇ ಬಲ್ಲ.

ಮೆಹಬೂಬ ನನಗಿಂತ ನಾಲ್ಕು ವರ್ಷ ಚಿಕ್ಕವನು, ಬಲು ಒಳ್ಳೆಯ ಮನುಷ್ಯ. ಆ ಸಂಜೆ ಬಸ್ಸು ನಿಲ್ಲಿಸಿದ ಮೇಲೆ ನೇರವಾಗಿ ಹೇಳಿದ. "ಅಣ್ಣಾರ, ನಾ ಯಾರಿಗೂ ಹೇಳಿಲ್ಲ. ಆದ್ರ ನಾಳಿಂದ ವಾರ್ಷಿಕ ಪರೀಕ್ಷಾ, ಐವತ್ತ ಹುಡುಗೂರು ಹತ್ತತಾರ. ಇವತ್ತ ರಾತ್ರಿ ನೀವು ಮಕ್ಕೊಂಡ್ರ ಛಲೋ. ಇಲ್ಲಂದ್ರ ಮುಂಜಾನೆ ನಾನ ಡಿಪೋಕ್ಕ ಫೋನ್ ಹಚ್ಚಾಂವ. ಸಿಟ್ಟಾಗಬ್ಯಾಡ್ರಿ."

ಸಿಟ್ಟಾಗಬೇಡ ಅಂದರೆ? ಮೈಯೆಲ್ಲ ಉರಿಯಿತು. ಆದರೆ ಅವನು ಹೇಳಿದ್ದು ಖರೆ ಇತ್ತು. ಅದಕ್ಕೇ ಇನ್ನಷ್ಟು ಉರಿಯಿತು.

ಸೆಕೆಗೆ ಮೆಹಬೂಬ ಶಾಲೆಯ ಕಟ್ಟೆಯ ಮೇಲೆ ಜಮಖಾನೆ ಹಾಸಿದ. ತಲೆ ಇಟ್ಟನೋ ಇಲ್ಲವೋ, ಗೊರಕೆ ಶುರು. ನಾನು ಬಸ್ಸಿನ ಬಾಗಿಲು ಎಳೆದುಕೊಂಡು, ಸೀಟುಗಳ ನಡುವೆ ಹಾಸಿಗೆ ಬಿಡಿಸಿ ಬಿದ್ದುಕೊಂಡೆ. ಹನ್ನೊಂದು... ಹನ್ನೆರಡು... ಮಗ್ಗುಲು ಬದಲಿಸಿ ಬದಲಿಸಿ ಸೊಂಟ ನೋವು ಬಂತು. ಇಡೀ ಊರು ಮಲಗಿತ್ತು. ನಾಯಿಗಳು ಕೂಡ ಮಲಗಿದ್ದವು. ಆ ಊರಿನ ಒಬ್ಬೊಬ್ಬರನ್ನೂ ಮನಸ್ಸಿನಲ್ಲೇ ಬೈದೆ.

ಒಂದು ಇಪ್ಪತ್ತಕ್ಕೆ ಮೊಬೈಲ್ ಒತ್ತಿ ಕೆಳಗಿಟ್ಟೆ. ಆಗಲೇ ಕೇಳಿಸಿದ್ದು... ಟಕ್... ಟಕ್... ಬಾಗಿಲ ತಗಡಿಗೆ ಬಳೆ ತಾಗಿದ ಸದ್ದು.

ತೆರೆದರೆ ಒಬ್ಬಳು ಮುದುಕಿ. ತಲೆಯ ಮೇಲೆ ಸೆರಗು, ಬಗಲಲ್ಲಿ ಸುತ್ತಿದ ಕೌದಿ. ಚಿಮಣಿ ಎಣ್ಣೆಯ ವಾಸನೆ ಬಂತು, ಅದರ ಹಿಂದೆಯೇ ಪಾಚಿಯ ವಾಸನೆ.

"ಬಸ್ ಮುಂಜಾನಿಕ್ಕ ಬೇ ಯವ್ವಾ, ಐದೂ ಮುಕ್ಕಾಲಕ್ಕ. ಈಗ ಮನಿಗಿ ಹೋಗು."

"ಊರಿಗಿ ಹೋಗಾಕ ಬಂದಿಲ್ಲೋ ತಮ್ಮಾ. ಮಕ್ಕೋಳಾಕ ಬಂದೇನಿ."

ಪಿತ್ತ ನೆತ್ತಿಗೇರಿತು. "ಇದೇನ ಧರ್ಮಶಾಲಿ ಏನ? ಮನಿ ಇಲ್ಲೇನ ನಿನಗ?"

"ಐತಿ. ಅಲ್ಲಿ ಮಕ್ಕೋಳಾಕ ಆಗೂದಿಲ್ಲ" ಅಂದವಳು ನನ್ನನ್ನು ಸರಿಸಿಕೊಂಡೇ ಹತ್ತಿದಳು. ಎಡಗಡೆಯ ಮೂರನೇ ಸೀಟಿನಲ್ಲಿ ಕೌದಿ ಬಿಚ್ಚಿ ಹಾಸತೊಡಗಿದಳು. ಅವಳ ತೋಳು ನನ್ನ ಕೈಗೆ ತಾಗಿತು. ಆ ಸೆಕೆಯಲ್ಲೂ ಅದು ತಣ್ಣಗಿತ್ತು.

"ನೀ ಎಚ್ಚರ ಇರತೀದಿ ಅಂತ ಗೊತ್ತೈತಿ ನನಗ" ಅಂದಳು. "ದಿನಾ ನೋಡತೇನಿ. ಬಸ್ಸಿನ್ಯಾಗ ಬೆಳಕ ಹತ್ತತೈತಿ, ಆರತೈತಿ... ಹತ್ತತೈತಿ, ಆರತೈತಿ."

ನನ್ನ ಮೊಬೈಲಿನ ಬೆಳಕು. "ಎಲ್ಲಿಂದ ನೋಡತೀ?" ಅಂದೆ.

ಅವಳು ಕಿಟಕಿಯಿಂದ ಕೆಳಗಿನ ಇಳಿಜಾರಿಗೆ ಕೈ ತೋರಿಸಿದಳು. ಆ ಕಡೆ ಒಂದು ಮನೆಯೂ ಇಲ್ಲ. ಬೇಸಿಗೆಗೆ ಹಿಂದೆ ಸರಿದ ಹಿನ್ನೀರು ಇದೆ, ಅದೂ ಎರಡು ಮೈಲಿ ದೂರ.

"ನನಗೂ ನಿದ್ದಿ ಇಲ್ಲೋ ಯಪ್ಪಾ. ನೀರ ಬರತೈತಿ ಅಂತ ಡಂಗುರ ಹೊಡದ್ರಲ್ಲ, ಅವತ್ತಿಂದ ಮಕ್ಕೊಂಡಿಲ್ಲ. ಯಾರರೆ ಒಬ್ರು ಎಚ್ಚರ ಇರಬೇಕಲ್ಲ? ಇವತ್ತೊಂದ್ ರಾತ್ರಿ ನಾ ಮಕ್ಕೋತೇನಿ. ನೀ ಕುಂತ ನೋಡು. ನೀರ ಬಂದ್ರ ಎಬ್ಬಸು."

"ಬ್ಯಾಸಗಿ ಬೇ ಇದು! ನೀರ ಎಲ್ಲೆ ಐತಿ, ನಾವ್ ಎಲ್ಲೆ ಅದೇವಿ! ಇಲ್ಲೀತನಕ ಬರತೈತೇನ?"

"ಅವತ್ತೂ ಹಂಗ ಅಂದಿದ್ರು."

ಹೆದರಿಕೆ ಆಗಬೇಕಿತ್ತು. ಆಯಿತು ಕೂಡ. ಆದರೆ ಐದು ತಿಂಗಳ ಸಿಟ್ಟು ಅದಕ್ಕಿಂತ ದೊಡ್ಡದಿತ್ತು. "ನಿದ್ದಿಗೆಟ್ಟ ಸಾಯಾಕತ್ತೇನಿ ನಾನು! ಕಂಡಕ್ಟರ್ ಮಕ್ಕೊಂಡಾನ, ಊರ ಮಂದಿ ಎಲ್ಲಾ ಮಕ್ಕೊಂಡಾರ, ಈಗ ನೀನೂ ಮಕ್ಕೊಳ್ಳಾಕಿ. ನಾನ ಕಾಯಬೇಕೇನ? ನಾ ಯಾರ ಮನಿ ಆಳು?" ಎಂದು ಕೂಗಿದೆ.

ಮುದುಕಿಯೂ ಕಡಿಮೆ ಇರಲಿಲ್ಲ. "ಬಾಯಿ ಮಾಡಬ್ಯಾಡ! ಹೆಂಗೂ ಮಕ್ಕೊಳಾಂವ ಅಲ್ಲ ನೀ. ಸುಮ್ನ ಬಿದ್ದ ಹೊರಳ್ಯಾಡೂ ಬದಲಿ ಎದ್ದ ಕುಂಡರಾಕ ಏನ ಧಾಡಿ ನಿನಗ?"

"ಆತು! ಕುಂಡರತೇನಿ. ಕಣ್ಣ ರೆಪ್ಪಿ ಬಡಿಯೂದಿಲ್ಲ, ನೋಡತಿರು. ಮಕ್ಕೊ ಬೇ, ಮಕ್ಕೊ!"

"ಮಾತ ಕೊಟ್ಟಿ ನೋಡು" ಅಂದಳು. ಮಲಗಿದಳು.

ನಾನು ಡ್ರೈವರ್ ಸೀಟಿಗೆ ಹೋಗಿ ಕೂತೆ. ಹಠ ಬಂದಿತ್ತು. ನಾಳೆಯ ಪರೀಕ್ಷೆ, ಡಿಪೋ, ನೋಟೀಸು ಎಲ್ಲ ಮರೆತೇಹೋಯಿತು. ಗಂಟೆಯನ್ನೂ ನೋಡಲಿಲ್ಲ. ಈ ಮುದುಕಿಯ ಎದುರು ಸೋಲಬಾರದು, ಬೆಳಗಿನ ತನಕ ಎಚ್ಚರ ಇದ್ದು ತೋರಿಸಬೇಕು, ಅದೊಂದೇ. ಮುಂದಿನ ಗಾಜಿನಿಂದ ಇಳಿಜಾರಿನ ಕತ್ತಲನ್ನೇ ದಿಟ್ಟಿಸಿದೆ. ಹಿಂದಿನಿಂದ ಅವಳ ಉಸಿರು ಕೇಳಿಸುತ್ತಿತ್ತು... ಹಾಲು ಕುಡಿದು ಮಲಗಿದ ಕೂಸಿನ ಉಸಿರಿನಂತೆ. ಇಷ್ಟು ಸುಖದ ನಿದ್ದೆ! ಅಸೂಯೆಯಾಯಿತು.

ಎಷ್ಟೋ ಹೊತ್ತಿನ ಮೇಲೆ ದೂರದಲ್ಲಿ ಒಂದು ಸದ್ದು. ಗುಳು... ಗುಳು... ಕೊಡ ತುಂಬುವಾಗ ಆಗುತ್ತದಲ್ಲ, ಹಾಗೆ. ಕಿವಿಗೊಟ್ಟೆ. ಇನ್ನೂ ದೂರ ಇದೆ, ಹತ್ತಿರ ಬಂದರೆ ಎಬ್ಬಿಸೋಣ ಅಂದುಕೊಂಡೆ. ಅಂದುಕೊಂಡದ್ದು ಚೆನ್ನಾಗಿ ನೆನಪಿದೆ.

"ಅಣ್ಣಾರ! ಏಳ್ರಿ, ಐದೂವರಿ ಆತು!"

ಮೆಹಬೂಬ ಕಿಟಕಿಯಿಂದ ನನ್ನ ಭುಜ ಅಲುಗಿಸುತ್ತಿದ್ದ. ಸ್ಟೇರಿಂಗ್ ಮೇಲೆ ತಲೆಯಿಟ್ಟು ಮಲಗಿಬಿಟ್ಟಿದ್ದೆ. ಎಂಥ ನಿದ್ದೆ ಅಂತೀರಿ! ತಲೆ ತೊಳೆದಿಟ್ಟಂತೆ ಹಗುರ. ಮೆಹಬೂಬನ ಕೈಯಲ್ಲಿದ್ದ ಮೊಬೈಲಿನ ಬೆಳಕು ಕೂಡ ಕಣ್ಣಿಗೆ ಚುಚ್ಚಲಿಲ್ಲ, ಐದು ತಿಂಗಳಲ್ಲಿ ಮೊದಲ ಸಲ. ನಗು ಬರುವುದರಲ್ಲಿತ್ತು.

ಮೆಹಬೂಬ ಬಾಗಿಲು ತೆರೆದು ಮೆಟ್ಟಿಲ ಮೇಲೇ ನಿಂತುಬಿಟ್ಟ. "ಅಲ್ಲ ಅಣ್ಣಾರ... ರಾತ್ರಿ ಗಾಡಿ ತೊಳದ್ರೇನು?"

ಬಸ್ಸಿನ ದೀಪ ಹಾಕಿ ತಿರುಗಿ ನೋಡಿದೆ. ಒಳಗಿನ ನೆಲವೆಲ್ಲ ಒದ್ದೆ. ನಡುವೆ ಹಾಸಿದ್ದ ನನ್ನ ಹಾಸಿಗೆ ನೀರು ಕುಡಿದು ಭಾರವಾಗಿ ಬಿದ್ದಿತ್ತು. ಸೀಟುಗಳ ಕಾಲಿಗೆ ಗೇಣೆತ್ತರದ ತನಕ ಕೆಸರಿನ ಗೆರೆ. ನನ್ನ ಸೀಟಿನ ಕೆಳಗೆ ಬಿಟ್ಟಿದ್ದ ಚಪ್ಪಲಿಗಳು ಕಟ್ಟಕಡೆಯ ಸೀಟಿನ ಬುಡಕ್ಕೆ ಹೋಗಿ ನಿಂತಿದ್ದವು. ಹೊರಗೆ ಇಳಿದು ನೋಡಿದರೆ ಒಣ ಧೂಳು. ಬಸ್ಸಿನ ಸುತ್ತ ಒಂದು ಹನಿ ನೀರಿಲ್ಲ.

ಮೂರನೇ ಸೀಟಿನಲ್ಲಿ ಮುದುಕಿ ಇರಲಿಲ್ಲ. ಕೌದಿಯೂ ಇರಲಿಲ್ಲ.

ನಡೆದದ್ದನ್ನು ಮೆಹಬೂಬನಿಗೆ ಹೇಳಿದೆ. ಅವನು ಹಿಟ್ಟಿನಂತೆ ಬಿಳಿಚಿಕೊಂಡ. ಊರಿನವರನ್ನು ಕೇಳಿದೆವು. "ಹಂತಾಕಿ ಯಾರೂ ಇಲ್ರಿ ನಮ್ಮೂರಾಗ" ಅಂದರು, ಎಲ್ಲರೂ ಅದೇ ಮಾತು, ನನ್ನ ಮುಖ ನೋಡದೆ. ಗೊತ್ತಿದ್ದೂ ಬಾಯಿ ಬಿಡದವರನ್ನು ಕಂಡರೆ ನನಗೆ ಆಗುವುದಿಲ್ಲ. ಆದರೆ ಜಗಳಕ್ಕೆ ಹೊತ್ತಿರಲಿಲ್ಲ. ನೆಲ ಒರೆಸಿ, ಐವತ್ತು ಮಕ್ಕಳನ್ನು ಹತ್ತಿಸಿಕೊಂಡು, ಹೂವಿನಂತೆ ತಂದು ಕಾಲೇಜಿನ ಮುಂದೆ ಇಳಿಸಿದೆ.

ಆಮೇಲೆ ನನ್ನ ನಿದ್ದೆ ಮರಳಿ ಬಂತು. ಡಾಕ್ಟರು, "ನಿದ್ದಿ ಮಾಡಬೇಕು ಅಂತ ಹಠ ಮಾಡೂದು ಬಿಟ್ರಿ, ಅದಕ್ಕ ನಿದ್ದಿ ಬಂತು. ಎಚ್ಚರ ಇರತೇನಿ ಅಂದಾಂವಗ ಕಣ್ಣು ತಾನ ಮುಚ್ಚತಾವ" ಅಂತ ವಿವರಿಸಿದರು. ಸರಿ, ಒಪ್ಪಿದೆ. ಹಾಸಿಗೆ ಒದ್ದೆ ಮಾಡಿದ್ದು ಯಾರು ಅಂದೆ. ಅವರು ಮುಂದಿನ ಪೇಷಂಟನ್ನು ಕರೆದರು.

ಡಿಪೋದ ಸಾಹೇಬರ ಕೈಕಾಲು ಹಿಡಿದು ಆ ವಸ್ತಿ ಬಿಡಿಸಿಕೊಂಡೆ. ಈಗ ರಾಮದುರ್ಗದ ಹಗಲು ಟ್ರಿಪ್ಪು, ರಾತ್ರಿ ಮನೆ. ಹತ್ತಕ್ಕೆ ಬಿದ್ದರೆ ಬೆಳಗಾಗುವುದೇ ಗೊತ್ತಾಗುವುದಿಲ್ಲ. ಒಂದೇ ಮುಳ್ಳು. ಮಾತು ಕೊಟ್ಟು ಮಲಗಿಬಿಟ್ಟೆನಲ್ಲ ಅನ್ನುವುದು. ಯಾವ ದೆವ್ವವೋ ಏನೋ, ನಂಬಿ ಮಲಗಿತ್ತು. ಆ ಸಿಟ್ಟು ನನ್ನ ಮೇಲೆ ನನಗೆ ಇನ್ನೂ ಇದೆ.

ಇತ್ತೀಚೆಗೆ ನನ್ನ ಹೆಂಡತಿ ಶೋಭಾಳ ಕಣ್ಣಿನ ಸುತ್ತ ಕಪ್ಪು ಕಟ್ಟಿದ್ದು ಕಾಣಿಸಿತು. ರೊಟ್ಟಿ ತಟ್ಟುತ್ತಲೇ ತೂಕಡಿಸುತ್ತಿದ್ದಳು. "ರಾತ್ರಿ ಮೊಬೈಲ್ ನೋಡೂದು ಬಿಡು, ಅಂಗಾಲಿಗೆ ಎಣ್ಣಿ ತಿಕ್ಕೊ" ಅಂದೆ. ನನಗೆ ಯಾವ ಮಾತು ಕೇಳಿದರೆ ಉರಿಯುತ್ತಿತ್ತೋ ಅದನ್ನೇ ಅಂದೆ.

ಅವಳು ಕೈಯಲ್ಲಿದ್ದ ಹಿಟ್ಟಿನ ಮುದ್ದೆಯನ್ನು ಕುಕ್ಕಿದಳು. "ನನ್ನ ನಿದ್ದಿ ಕೆಡಿಸಿದವ್ರು ಯಾರು ಅಂತ ಮಾಡೀರಿ? ದಿನಾ ರಾತ್ರಿ ಒಂದೂವರಿಗೆ ಎದ್ದ ಕುಂಡರತೀರಿ. ಕಣ್ಣ ಮುಚ್ಚೇ ಇರತಾವ. 'ಇನ್ನ ಬಂದಿಲ್ಲ ಬೇ, ಮಕ್ಕೊ' ಅಂತೀರಿ. ಯಾರಿಗಿ ಅಂತೀರಿ ಅದನ್ನ? ನಾ ಅಂತೂ ಎದ್ದ ಕುಂತಿರತೇನಿ!"

"ಎಷ್ಟ ದಿನದಿಂದ?"

"ವಸ್ತಿ ಬಿಟ್ಟ ಬಂದಾಗಿಂದ. ಹೆದರತೀರಿ ಅಂತ ಹೇಳಿರಲಿಲ್ಲ." ಅವಳು ಒಲೆಯ ಉರಿ ತಗ್ಗಿಸಿದಳು. "ನಿನ್ನಿ ಹಂಗ ಅನ್ನಲಿಲ್ಲ ನೀವು."

"ಮತ್ತೇನಂದೆ?"

"'ಏಳ ಬೇ, ಬಂತು' ಅಂದ್ರಿ."

ನಾನು ಕೂಗಾಡಿದೆ. ಹುಚ್ಚು ಹಿಡಿದೈತೇನ ನಿನಗ ಅಂದೆ, ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ಅಳುತ್ತ ಹಿತ್ತಲಿಗೆ ಹೋದಮೇಲೆ ಬಗ್ಗಿ, ಮಂಚದ ಕೆಳಗಿನ ನೆಲ ಮುಟ್ಟಿ ನೋಡಿದೆ. ಒಣಗಿತ್ತು. ಆಮೇಲೆ ದಿನಾ ಮಲಗುವ ಮುಂಚೆ ಮುಟ್ಟಿ ನೋಡುತ್ತೇನೆ. ಇವತ್ತಿನ ತನಕ ಒಣಗಿಯೇ ಇದೆ.

ನನಗೆ ಮಾತ್ರ ನಿದ್ದೆ ಬರುತ್ತದೆ. ಬೇಡ ಅಂದರೂ ಬರುತ್ತದೆ. ಶೋಭಾ ಗೋಡೆಗೆ ಒರಗಿ, ಮೊಣಕಾಲು ಅಪ್ಪಿಕೊಂಡು, ಬಾಗಿಲ ಕಡೆ ನೋಡುತ್ತ ಕೂತಿರುತ್ತಾಳೆ. ನೀನೂ ಮಲಗು ಅಂತ ಎಷ್ಟು ಬೈದರೂ ಒಂದೇ ಮಾತು.

"ನೀವು ಮಕ್ಕೋರಿ. ನಾ ಎಚ್ಚರ ಇರತೇನಿ."