ಹತ್ತೊಂಬತ್ತನೇ ನಂಬರಿನ ಚಾವಣಿ

ಬೆರಿಲ್ ವಿಷಯ ಹೇಳಬೇಕೆಂದರೆ ಕಾಲುಚೀಲದಿಂದಲೇ ಶುರುಮಾಡಬೇಕು. ಮ್ಯಾನ್ಸ್‌ಫೀಲ್ಡಿನ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಆಕೆ ಮಾಡಿದ್ದು ಅದೊಂದೇ ಕೆಲಸ, ಕಾಲುಚೀಲದ ಬೆರಳ ತುದಿ ಹೊಲಿಯುವುದು. ಗಂಡ ತೀರಿಕೊಂಡ ಮೇಲೆ ನಮ್ಮ ಕ್ಯಾರವಾನ್ ಪಾರ್ಕಿಗೆ ಬಂದಳು. ಬಂದ ದಿನವೇ, ನನ್ನ ಹೆಸರೂ ಕೇಳುವ ಮೊದಲೇ, ಬೂಟಿನಿಂದ ಇಣುಕುತ್ತಿದ್ದ ನನ್ನ ಕಾಲುಚೀಲ ನೋಡಿ, "ಅಯ್ಯೋ ದೇವರೇ, ಇದನ್ಯಾರು ಹೊಲಿದಿದ್ದು? ನಿದ್ದೆಗಣ್ಣಲ್ಲಿ ಹೊಲಿದಿದಾರೆ" ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಹನ್ನೊಂದು ವರ್ಷವಾಯಿತು, ಆ ಮಾತು ಇನ್ನೂ ನನಗೆ ಮರೆತಿಲ್ಲ.

ನಾನು ಕ್ಲಿಫ್. ಇಲ್ಲಿನ ಕಾವಲುಗಾರ, ಕೊಳಾಯಿ ರಿಪೇರಿಯವನು, ಗ್ಯಾಸ್ ಸಿಲಿಂಡರ್ ಹೊರುವವನು, ಬೈಸಿಕೊಳ್ಳುವವನು, ಎಲ್ಲ ನಾನೇ. ಸಮುದ್ರದ ಏರಿಯ ಹಿಂದೆ ಇನ್ನೂರ ಹತ್ತು ಗಾಲಿಮನೆಗಳಿವೆ. ಗಾಲಿ ಅನ್ನುವುದು ಹೆಸರಿಗೆ ಮಾತ್ರ, ಗಾಳಿಯೆಲ್ಲ ಹೋಗಿ ಹುಲ್ಲಿನಲ್ಲಿ ಹೂತಿವೆ. ನಾಲ್ಕು ಮೂಲೆಗೂ ಸರಪಳಿ ಬಿಗಿದು ನೆಲಕ್ಕೆ ಕಟ್ಟಿದ್ದೇವೆ, ಇಲ್ಲದಿದ್ದರೆ ಒಂದೊಂದು ಬಿರುಗಾಳಿಗೆ ಮಗುಚಿಕೊಳ್ಳುತ್ತವೆ. ಸಮುದ್ರ ಕಿವಿಗೆ ಕೇಳುತ್ತದೆ, ಕಿಟಕಿ ಗಾಜಿಗೆ ಉಪ್ಪು ಮೆತ್ತುತ್ತದೆ, ಕಣ್ಣಿಗೆ ಮಾತ್ರ ಕಾಣುವುದಿಲ್ಲ. ಕಾಣಬೇಕೆಂದರೆ ಏರಿ ಹತ್ತಬೇಕು.

ಇಲ್ಲೊಂದು ಕಾನೂನಿದೆ. ಜನವರಿ ಆರರಿಂದ ಫೆಬ್ರವರಿ ಇಪ್ಪತ್ತರವರೆಗೆ ಪಾರ್ಕು ಬಂದ್. ಕಾವಲಿಗೆ ನನ್ನನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಇರಕೂಡದು. ಇವು ರಜೆಯ ಮನೆಗಳು, ವಾಸದ ಮನೆಗಳಲ್ಲ ಅಂತ ಕೌನ್ಸಿಲ್ಲಿನವರ ವಾದ. ಅದಕ್ಕೇ ಪ್ರತಿಯೊಬ್ಬರಿಗೂ ಬೇರೆ ಕಡೆ ಒಂದು ವಿಳಾಸ ಇರಬೇಕು, ವರ್ಷಕ್ಕೊಮ್ಮೆ ಆಫೀಸಿನಲ್ಲಿ ಕಾಗದ ತೋರಿಸಬೇಕು. ಹೆಚ್ಚಿನವರಿಗೆ ಇದೆ. ಆದರೆ ಒಂದು ಹನ್ನೆರಡು ಜನ ಇಲ್ಲೇ ಬದುಕುವವರು. ಆ ಆರು ವಾರ ಮಗನ ಮನೆಯ ಸೋಫಾದ ಮೇಲೋ ತಂಗಿಯ ಮನೆಯ ಅಟ್ಟದ ಕೋಣೆಯಲ್ಲೋ ಹೇಗೋ ಕಳೆದು ಬರುತ್ತಾರೆ. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ.

ಬೆರಿಲ್ ಹೋಗುತ್ತಿದ್ದದ್ದು ಮ್ಯಾನ್ಸ್‌ಫೀಲ್ಡಿಗೆ, ತಂಗಿ ಐವಿಯ ಮನೆಗೆ. ವಾಪಸು ಬಂದ ಮೇಲೆ ಒಂದು ತಿಂಗಳು ಐವಿಯದೇ ಪುರಾಣ. ಐವಿಯ ಗೊರಕೆ, ಐವಿಯ ಬೇಯದ ಆಲೂಗೆಡ್ಡೆ, ಐವಿಯ ಹಾಳು ನಾಯಿ.

ಈ ಸಲ ಜನವರಿ ಐದಕ್ಕೆ ನಾನು ಬೆರಿಲ್ ಇರುವ ಹತ್ತೊಂಬತ್ತನೇ ನಂಬರಿನ ಅಡಿಗೆ ತೂರಿಕೊಂಡು ನಲ್ಲಿಗಳನ್ನು ಬಿಚ್ಚಿದೆ. ಬೀಗ ಹಾಕುವ ಮುಂಚೆ ಪೈಪಿನ ನೀರನ್ನೆಲ್ಲ ಬಸಿಯಬೇಕು. ಒಂದು ಲೋಟ ನೀರು ಉಳಿದರೂ ಚಳಿಗೆ ಗಡ್ಡೆಯಾಗಿ ಪೈಪು ಸೀಳುತ್ತದೆ. ಆಮೇಲೆ ಹಾಸಿಗೆ ಎತ್ತಿ ಗೋಡೆಗೆ ನಿಲ್ಲಿಸಬೇಕು, ತೇವ ಎಳೆಯಲು ಬಟ್ಟಲಲ್ಲಿ ಉಪ್ಪಿಡಬೇಕು, ಒಳಗೆ ಕದಿಯುವಂಥದ್ದು ಏನೂ ಇಲ್ಲ ಎಂದು ಕಳ್ಳರಿಗೆ ಕಾಣಲಿ ಅಂತ ಪರದೆ ತೆಗೆದೇ ಇಡಬೇಕು. ಅವತ್ತು ಗಾಳಿ ಎಂಥದ್ದು ಅಂತೀರಿ, ಸರಪಳಿಗಳೆಲ್ಲ ಗುಂಯ್‌ಗುಡುತ್ತಿದ್ದವು. ಬೆರಿಲ್ ಚಹಾ ತಂದುಕೊಟ್ಟಳು.

"ಐವಿ ಹೇಗಿದಾರೆ?" ಅಂದೆ.

"ಅವಳಿಗೇನು ಧಾಡಿ, ಗುಂಡುಕಲ್ಲಿನ ಹಾಗಿದಾಳೆ. ನಾಯಿಗೇ ಏನೋ ಕಣ್ಣು ಬೇನೆ."

ಮಧ್ಯಾಹ್ನದ ಬಸ್ಸಿಗೆ ಆಕೆಯ ಸೂಟ್‌ಕೇಸನ್ನು ನಾನೇ ಎತ್ತಿಕೊಟ್ಟೆ. ಹಗುರಾಗಿತ್ತು. ನನಗೇನೂ ಅನ್ನಿಸಲಿಲ್ಲ, ಒಳ್ಳೆಯದಾಯಿತು ನನ್ನ ಬೆನ್ನಿಗೆ ಅಂದುಕೊಂಡೆ, ಅಷ್ಟೆ.

ಎರಡು ವಾರ ಬಿಟ್ಟೂಬಿಡದೆ ಬಿರುಗಾಳಿ. ಆಮೇಲೆ ಒಂದು ಸೋಮವಾರ ಗಾಳಿ ಸ್ತಬ್ಧವಾಗಿ, ಆಕಾಶ ತೊಳೆದಿಟ್ಟಂತಾಗಿ, ಮೂಳೆ ಕೊರೆಯುವ ಚಳಿ ಬಿತ್ತು. ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಏರಿ ಹತ್ತಿ ನಿಂತು ಕೆಳಗೆ ನೋಡಿದೆ, ಎಲ್ಲಾದರೂ ತಗಡು ಕಿತ್ತುಹೋಗಿದೆಯಾ ಅಂತ. ಇಬ್ಬನಿ ಹೆಪ್ಪುಗಟ್ಟಿ ಚಾವಣಿಗಳೆಲ್ಲ ಸುಣ್ಣ ಬಳಿದ ಹಾಗಿದ್ದವು. ಇನ್ನೂರ ಒಂಬತ್ತು ಚಾವಣಿ ಬಿಳಿ. ಮೂರನೇ ಸಾಲಿನಲ್ಲಿ ಹತ್ತೊಂಬತ್ತನೆಯದು ಮಾತ್ರ ಹಿಂಭಾಗದಲ್ಲಿ ಕಪ್ಪಗೆ, ಒದ್ದೆಯಾಗಿ, ತೊಟ್ಟಿಕ್ಕುತ್ತಿತ್ತು. ಒಳಗೆ ಯಾರೋ ಬೆಂಕಿ ಕಾಯಿಸುತ್ತಿದ್ದಾರೆ, ಆ ಶಾಖಕ್ಕೆ ಕರಗಿದೆ.

ಯಾವನೋ ಪುಂಡ ಸೇರಿಕೊಂಡಿದ್ದಾನೆ ಅಂತ ಕೈಯಲ್ಲಿ ದೊಡ್ಡ ಸ್ಪ್ಯಾನರ್ ಹಿಡಿದು, ನನ್ನ ಕೀಲಿಯಿಂದ ಬಾಗಿಲು ತೆಗೆದು ನುಗ್ಗಿದೆ. ಮುಂದಿನ ಕೋಣೆ ನಾನು ಬಿಟ್ಟುಹೋದ ಹಾಗೇ ಇತ್ತು. ಹಿಂದಿನ ಪುಟ್ಟ ಕೋಣೆಯಲ್ಲಿ, ಸಣ್ಣ ಗ್ಯಾಸ್ ಹೀಟರಿನ ಮುಂದೆ, ಕೋಟು ಹಾಕಿಕೊಂಡು ಬೆರಿಲ್ ಕೂತಿದ್ದಳು. ಡಬ್ಬಿಯಿಂದಲೇ ಸೂಪು ತಿನ್ನುತ್ತಿದ್ದಳು.

"ಬೂಟು ಬಿಚ್ಚಿ ಬಾ," ಅಂದಳು.

"ಬೂಟು ಹಾಳಾಗ್ಹೋಗ್ಲಿ! ನೀವು ಮ್ಯಾನ್ಸ್‌ಫೀಲ್ಡಲ್ಲಿ ಇರ್ಬೇಕಿತ್ತಲ್ರೀ?"

"ಬಸ್ಸಲ್ಲಿ ಮೂರು ಸ್ಟಾಪು ಹೋದೆ. ಇಳಿದು ದಂಡೆ ಮೇಲಿಂದ ನಡ್ಕೊಂಡು ಬಂದೆ."

"ಐವಿ ಜೊತೆ ಜಗಳ ಆಡಿದ್ರಾ?"

ಆಕೆ ಚಮಚ ಡಬ್ಬಿಯೊಳಗಿಟ್ಟಳು. "ಐವಿ ಜೂನಲ್ಲೇ ತೀರ್ಕೊಂಡ್ಲು ಕಣೋ."

ನಾನು ಸ್ಪ್ಯಾನರ್ ಕೆಳಗಿಟ್ಟೆ.

"ಬೆಳಿಗ್ಗೆ ಬಸ್ಸಿಗೆ ಹೋಗಿ ಮಣ್ಣು ಮಾಡಿ ಸಾಯಂಕಾಲ ಬಂದೆ," ಅಂದಳು. "ಅವಳದ್ದು ಬಾಡಿಗೆ ಮನೆ, ವಾಪಸ್ ತಗೊಂಡ್ರು. ಮಾರನೇ ದಿನ ಬಟ್ಟೆ ಒಗೆಯೋ ಕಡೆ ಇಪ್ಪತ್ತೆರಡನೇ ನಂಬರಿನವಳು ಐವಿ ಹೇಗಿದಾಳೆ ಅಂದ್ಲು. ಚೆನ್ನಾಗಿದಾಳೆ ಅಂದೆ. ಇನ್ನೇನು ಹೇಳ್ಲಿ? ಐವಿ ಇಲ್ಲ ಅಂದ್ರೆ ಐವಿ ಮನೆ ಇಲ್ಲ. ಐವಿ ಮನೆ ಇಲ್ಲ ಅಂದ್ರೆ ನಂಗೆ ಇದೂ ಇಲ್ಲ. ಏಳು ತಿಂಗಳಿಂದ ಅವಳನ್ನ ಬದುಕಿಸಿ ಇಟ್ಕೊಂಡಿದೀನಿ. ಆ ನಾಯಿಗೆ ಕಣ್ಣು ಬೇನೆ ತರಿಸಿದ್ದೂ ನಾನೇ. ಪಾಪ, ಅದು ಯಾರದ್ದೋ ಮನೇಲಿ ಚೆನ್ನಾಗಿದೆ."

ಒಡಹುಟ್ಟಿದವಳು ಸತ್ತರೆ ಅಳುವುದಕ್ಕೂ ಈಕೆಗೆ ಜಾಗ ಇರಲಿಲ್ಲ. ಸಂಕಟವಾದರೆ ನನಗೆ ಬರುವುದು ಬೈಗುಳವೇ. ಬೈದೆ. ಗ್ಯಾಸ್ ಸೋರಿದ್ದರೆ? ಬಿದ್ದು ಸೊಂಟ ಮುರಿದಿದ್ದರೆ? ಕುಡಿಯುವ ನೀರಿಗೆ ಏನು ಮಾಡುತ್ತಿದ್ದೀರಿ? ಹತ್ತಿರದ ಪ್ರಾರ್ಥನಾ ಮಂದಿರದ ಅಡುಗೆಮನೆ ನಲ್ಲಿಯಿಂದ ದಿನಾ ಎರಡು ಬಾಟಲಿ ತರುತ್ತಾಳಂತೆ.

"ಶುಕ್ರವಾರ ಹ್ಯಾಡ್ಲಿ ತಪಾಸಣೆಗೆ ಬರ್ತಾಳೆ ಕಣ್ರೀ," ಅಂದೆ. ಹ್ಯಾಡ್ಲಿ ಅಂದರೆ ಪಾರ್ಕು ನಡೆಸುವ ಕಂಪನಿಯ ಮ್ಯಾನೇಜರು. ವಯಸ್ಸು ಮೂವತ್ತು ದಾಟಿಲ್ಲ, ಕಾಯಿದೆ ಅಂದರೆ ಕಾಯಿದೆ. "ಅವಳು ಬಾಗಿಲು ತೆಗೆಯೋದೇ ಬೇಡ. ಚಾವಣಿ ನೋಡಿದ್ರೆ ಸಾಕು."

"ಚಾವಣಿನಾ?"

ಕೈ ಹಿಡಿದು ಏರಿಯ ಮೇಲೆ ಕರೆದುಕೊಂಡು ಹೋಗಿ ತೋರಿಸಿದೆ. ಆಕೆ ಬಿಳಿ ಚಾವಣಿಗಳನ್ನು ಸಾಲುಸಾಲಾಗಿ ನೋಡುತ್ತಾ ಬಂದಳು. ಬೆನ್ನ ಹಿಂದೆ ಸಮುದ್ರ ಸದ್ದಿಲ್ಲದೆ ಮಲಗಿತ್ತು.

"ನನ್ನದೊಂದೇ," ಅಂದಳು.

ಮಾರನೇ ಬೆಳಿಗ್ಗೆ ಮತ್ತೆ ಏರಿ ಹತ್ತಿದೆ. ಎಲ್ಲ ಚಾವಣಿಗಳೂ ಬಿಳಿ, ಹತ್ತೊಂಬತ್ತೂ ಬಿಳಿ. ಅಬ್ಬ, ಎಲ್ಲಿಗೋ ಹೋದಳಲ್ಲ ಅಂತ ಒಂದು ಕ್ಷಣ ಹಗುರಾದೆ. ಮರುಕ್ಷಣ, ಈ ಚಳಿಯಲ್ಲಿ ಹೀಟರ್ ಆರಿಸಿ ಕೂತಿದ್ದರೆ ಅನ್ನಿಸಿತು. ಎದ್ದೂ ಬಿದ್ದೂ ಓಡಿದೆ.

ಇದ್ದಬದ್ದ ಬಟ್ಟೆಯನ್ನೆಲ್ಲ ಹಾಕಿಕೊಂಡು, ಕೈಗಳಿಗೂ ಕಾಲುಚೀಲ ಏರಿಸಿಕೊಂಡು, ಆಕೆ ಹಾಸಿಗೆಯ ಮೂಲೆಯಲ್ಲಿ ಮುದುಡಿದ್ದಳು. ಹೀಟರ್ ಆರಿತ್ತು. ತುಟಿ ನೀಲಿಯಾಗಿತ್ತು.

"ಈಗ ಸರಿಯಾಗಿದ್ಯಾ ಚಾವಣಿ?" ಎಂದು ಕೇಳಿದಳು.

"ತಲೆ ಕೆಟ್ಟಿದ್ಯೇನ್ರೀ ನಿಮಗೆ!" ಕಡ್ಡಿ ಗೀರಿ ಹೀಟರ್ ಹೊತ್ತಿಸಿದೆ.

"ಶುಕ್ರವಾರದ ತನಕ ತಾನೇ. ಇನ್ನು ಎರಡು ದಿನ."

"ಎರಡು ದಿನಕ್ಕೆ ನಿಮ್ಮ ಹೆಣ ಎತ್ಬೇಕಾಗತ್ತೆ."

"ಎತ್ತೋದಾದ್ರೆ ಇಲ್ಲಿಂದಲೇ ಎತ್ತು," ಅಂದಳು.

ನನ್ನ ಕೋಣೆಗೆ ಬನ್ನಿ ಅಂದೆ. "ನಿನ್ನ ಕೋಣೆ ಆಫೀಸಿನ ಗೋಡೆಗೇ ಅಂಟ್ಕೊಂಡಿದೆ. ಸಿಕ್ಕಿಬಿದ್ರೆ ನನ್ನ ಮನೆ ಜೊತೆ ನಿನ್ನ ಕೆಲ್ಸಾನೂ ಹೋಗತ್ತೆ. ಸುಮ್ನಿರು ಮರಿ," ಅಂದಳು. ಅರವತ್ತೊಂದು ವರ್ಷದವನನ್ನು ಮರಿ ಅನ್ನುತ್ತಾಳೆ. ಚಹಾ ಕಾಯಿಸಿ ಕುಡಿಸಿ, ಹೀಟರ್ ಆರಿಸಿದರೆ ನಾನೇ ಹ್ಯಾಡ್ಲಿಗೆ ಫೋನ್ ಮಾಡುತ್ತೇನೆ ಅಂತ ಹೆದರಿಸಿ ಬಂದೆ.

ಅವತ್ತೆಲ್ಲ ಅದೇ ಯೋಚನೆ. ಒಳಗೆ ಜೀವಂತ ಮನುಷ್ಯರಿದ್ದರೆ ಆ ಚಾವಣಿ ಬಿಳಿಯಾಗುವುದಿಲ್ಲ. ಸರಿ, ಅದು ಬಿಳಿಯಾಗದಿದ್ದರೆ ಬೇಡ, ಉಳಿದವು ಕಪ್ಪಾಗಲಿ ಅಂತ ತಲೆಗೆ ಹೊಳೆಯಿತು. ಹಳೆಯದಾಗಿ ಎಳೆದುಹಾಕಿದ ಗಾಲಿಮನೆಗಳ ಅರೆಬರೆ ತುಂಬಿದ ಸಿಲಿಂಡರುಗಳು ಶೆಡ್ಡಿನ ಹಿಂದೆ ಬಿದ್ದಿದ್ದವು. ಗುರುವಾರವಿಡೀ ಅವುಗಳನ್ನು ತಳ್ಳುಗಾಡಿಯಲ್ಲಿ ಎಳೆದು, ಆ ಸಾಲಿನ ಹದಿನಾಲ್ಕು ಮನೆಗೂ ಜೋಡಿಸಿ, ಒಂದೊಂದರಲ್ಲೂ ಹೀಟರನ್ನು ಸಣ್ಣ ಉರಿಯಲ್ಲಿ ಹೊತ್ತಿಸಿದೆ. ಸೊಂಟ ಬಿದ್ದುಹೋಯಿತು. ಶುಕ್ರವಾರ ಬೆಳಿಗ್ಗೆ ಇಡೀ ಮೂರನೇ ಸಾಲು ಕಪ್ಪಗೆ ತೊಟ್ಟಿಕ್ಕುತ್ತಿತ್ತು. ಪ್ರತಿಯೊಂದು ಮನೆಯಲ್ಲೂ ಯಾರೋ ಎದ್ದು ಚಹಾಕ್ಕಿಟ್ಟ ಹಾಗೆ ಕಾಣುತ್ತಿತ್ತು.

ಹ್ಯಾಡ್ಲಿ ಹೊಸ ಬೂಟಿನಲ್ಲಿ ಜಾರುತ್ತಾ ಬಂದಳು. "ಏನಿದು ಕ್ಲಿಫ್? ಈ ಸಾಲೊಂದೇ ಯಾಕೆ ಹೀಗೆ?"

"ಹೀಟರ್ ಪರೀಕ್ಷೆ ಮಾಡ್ತಿದೀನಿ, ಮೇಡಂ. ಇದು ತಗ್ಗು ಜಾಗ, ಚಳಿ ಇಲ್ಲೇ ಜಾಸ್ತಿ ಕೂರತ್ತೆ."

"ಗ್ಯಾಸ್ ಯಾರದ್ದು?"

"ಬಿಸಾಕಿದ್ದು. ಖಾಲಿ ಮಾಡದೆ ಗುಜರಿಯವನು ಮುಟ್ಟಲ್ಲ."

ಆಕೆ ಸಾಲಿನುದ್ದಕ್ಕೂ ನಡೆದಳು. ಹತ್ತೊಂಬತ್ತರ ಕಿಟಕಿಗೆ ಮೂಗು ತಾಗಿಸಿ ನೋಡಿದಳು. ಗೋಡೆಗೆ ನಿಲ್ಲಿಸಿದ ಹಾಸಿಗೆ, ಉಪ್ಪಿನ ಬಟ್ಟಲು. "ಇಂಥದ್ದನ್ನ ನನ್ನ ಕೇಳಿ ಮಾಡಿ," ಅಂದು ಕಾರು ಹತ್ತಿ ಹೋದಳು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಒಳಗಿನಿಂದ ಬೆರಿಲ್ ಧ್ವನಿ, "ಹೋದ್ಲಾ? ಎಂಥ ಬೂಟು ಹಾಕಿದ್ಲು?" ಎಂದಿತು.

ಭಾನುವಾರ ಗಾಳಿ ನೈಋತ್ಯಕ್ಕೆ ತಿರುಗಿತು. ಹಿಮವೆಲ್ಲ ಕರಗಿ ಜಿಟಿಜಿಟಿ ಮಳೆ ಹಿಡಿಯಿತು. ಇನ್ನು ಚಾವಣಿಗಳ ಚಿಂತೆ ಇಲ್ಲ ಅಂತ ಸೋಮವಾರ ಎಂದಿಗಿಂತ ಒಂದು ಗಂಟೆ ಮೊದಲೇ ಹೀಟರುಗಳನ್ನು ಆರಿಸಲು ಹೊರಟೆ. ಸಾಲಿನ ಮೊದಲನೆಯದು ಹದಿಮೂರನೇ ನಂಬರು, ಶೆಫೀಲ್ಡಿನ ಒಂದು ಸಂಸಾರದ್ದು. ಅದರೊಳಗೆ ಮೊಣಕಾಲೂರಿ ಹೀಟರಿನ ಗುಂಡಿ ತಿರುಗಿಸಿ ಆರಿಸಿದ್ದೆ ಅಷ್ಟೆ, ಬಾಗಿಲು ಬಡಿದ ಸದ್ದಾಯಿತು. ಮೆಲ್ಲಗೆ, ಮೂರು ಸಲ.

ಹ್ಯಾಡ್ಲಿಗೆ ಅನುಮಾನ ಬಂದು ವಾಪಸಾಗಿದ್ದಾಳೆ ಅಂದುಕೊಂಡೆ. ಹೇಳಬೇಕಾದ ಸುಳ್ಳನ್ನು ನಾಲಿಗೆ ತುದಿಗೆ ತಂದುಕೊಂಡು ಬಾಗಿಲು ತೆಗೆದೆ.

ಬೆರಿಲ್ ನಿಂತಿದ್ದಳು. ಒಳ್ಳೆಯ ಕೋಟು, ತುಟಿಗೆ ಬಣ್ಣ, ಒದ್ದೆ ಕೂದಲು. ಬಡಿದ ಕೈ ಇನ್ನೂ ಮೇಲೇ ಇತ್ತು. ನನ್ನನ್ನು ನೋಡಿ ಹೌಹಾರಿ ಒಂದು ಮೆಟ್ಟಿಲು ಹಿಂದೆ ಸರಿದಳು. ನಾನು ತೋಳು ಹಿಡಿದುಕೊಂಡೆ.

"ನೀನಾ!" ಅಂದಳು.

"ಮತ್ಯಾರು? ಈ ಮನೇಲಿ ಯಾರೂ ಇಲ್ಲ ಅಂತ ನಿಮಗೆ ಗೊತ್ತಿಲ್ವಾ?"

"ಗೊತ್ತು."

"ಗೊತ್ತಿದ್ದೂ ಯಾಕ್ರೀ ಬಡಿದ್ರಿ?"

ಆಕೆ ಸಾಲಿನ ಕಡೆ ನೋಡಿದಳು. "ದಿನಾ ಬಡೀತೀನಿ. ನೀನು ಸುತ್ತು ಹಾಕೋಕೆ ಮುಂಚೆ. ಇಲ್ಲಿಂದ ಹಿಡಿದು ಆ ಕೊನೆ ತನಕ. ಬಡಿದು, ಅವರು ಎದ್ದು ಬರೋಷ್ಟು ಹೊತ್ತು ನಿಂತ್ಕೊಂಡು, ಮುಂದಿನ ಮನೆಗೆ ಹೋಗ್ತೀನಿ. ಯಾವತ್ತೂ ಯಾರೂ ತೆಗೆದಿರ್ಲಿಲ್ಲ."

ಆಕೆಯ ಕಾಲರಿನೊಳಗೆ ಮಳೆ ಇಳಿಯುತ್ತಿತ್ತು. ನಾನಾದರೂ ಚಳಿಗಾಲದಲ್ಲಿ ಎಷ್ಟು ಜನರ ಜೊತೆ ಮಾತಾಡುತ್ತೇನೆ?

"ಈಗ ತೆಗೆದಿದಾರಲ್ಲ," ಎಂದೆ. "ಒಳಗೆ ಬನ್ನಿ. ಬಾಟಲಿ ನೀರಿದೆ, ಚಹಾಕ್ಕಿಡ್ತೀನಿ."

ಬೇರೆಯವರ ಕಾಲೊರಸಿನ ಮೇಲೆ ಆಕೆ ಬಹಳ ಹೊತ್ತು ಕಾಲು ಒರೆಸಿಕೊಂಡಳು. ಗೋಡೆಗೆ ನಿಲ್ಲಿಸಿದ್ದ ಮೆತ್ತೆಯೊಂದನ್ನು ಬೆಂಚಿನ ಮೇಲೆ ಹಾಸಿಕೊಟ್ಟೆ. ನೆಂಟರ ಮನೆಗೆ ಬಂದವಳಂತೆ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ನಾನು ಆರಿಸಿದ್ದ ಹೀಟರನ್ನು ಮತ್ತೆ ಹೊತ್ತಿಸಿದೆ.