ಮೊದಲ ದರ್ಜೆಯ ಒಂದೇ ಒಂದು ಪಂದ್ಯ

ಅಡೆಲಿನೊ ಪೋರ್ಚುಗಲ್ಲಿನ ಮೊದಲ ದರ್ಜೆಯ ಫುಟ್‌ಬಾಲ್ ತಂಡವೊಂದರಲ್ಲಿ ಎರಡು ವರ್ಷ ಇದ್ದ. ಇದ್ದ, ಅಷ್ಟೇ, ಒಂದು ದಿನವೂ ಮೈದಾನಕ್ಕೆ ಇಳಿಸಲಿಲ್ಲ, ಬೆಂಚು ಕಾಯಿಸಿದರು. ಮಂಡಿ ಕೆಟ್ಟ ಮೇಲೆ ನಮ್ಮೆಲ್ಲ ಪೋರ್ಚುಗೀಸರ ಹಾಗೆ ಲಕ್ಸೆಂಬರ್ಗಿಗೆ ಬಂದು ಗಾರೆ ಕೆಲಸಕ್ಕೆ ಸೇರಿದ. ಸಂಜೆ ನಮ್ಮವರ ಕ್ಲಬ್ಬಿಗೆ ಕೋಚ್. ಅದು ಮುಗಿದರೆ ನನ್ನ ಕಾಫಿ ಅಂಗಡಿ.

“ಇಡಲೀನಾ ಅಕ್ಕ, ಮೊದಲ ದರ್ಜೇಲಿ ಒಂದೇ ಒಂದು ಪಂದ್ಯ ಆಡಿಸ್ಬೇಕು. ಆಮೇಲೆ ಸತ್ರೂ ಚಿಂತೆಯಿಲ್ಲ.”

“ಮೊದ್ಲು ಕಾಫಿ ಕುಡಿ, ಆರಿಹೋಗತ್ತೆ. ಸಾಯೋದು ಆಮೇಲೆ ನೋಡ್ಕೊಳ್ಳೋಣ.”

ವರ್ಷಗಟ್ಟಲೆ ಮೈ ಸವೆಸಿ ಆ ಗಾರೆಯವರ ತಂಡವನ್ನು ಕಡೆಗೂ ಇಲ್ಲಿನ ಮೊದಲ ದರ್ಜೆಗೆ ಹತ್ತಿಸಿದ. ಆಟಗಾರರು ಅವನನ್ನು ಹೆಗಲ ಮೇಲೆ ಹೊತ್ತು “ಮಿಸ್ಟರ್! ಮಿಸ್ಟರ್!” ಎಂದು ಕುಣಿದರು. ನಮ್ಮವರು ಕೋಚನ್ನು ಕರೆಯುವುದೇ ಹಾಗೆ.

ಮೊದಲ ಪಂದ್ಯ ಆಗಸ್ಟಿನಲ್ಲಿ ಬಂತು. ಆಗಸ್ಟಿನಲ್ಲಿ ಕಟ್ಟಡದ ಕೆಲಸವೆಲ್ಲ ಬಂದ್. ನಮ್ಮವರು ಕಾರಿಗೆ ಸಾಮಾನು ತುರುಕಿ ಪೋರ್ಚುಗಲ್ಲಿಗೆ, ಊರ ಚರ್ಚಿನ ಹಬ್ಬಕ್ಕೆ ಹೊರಟುಬಿಡುತ್ತಾರೆ. ಅಡೆಲಿನೊ ಮನೆಮನೆಗೂ ಹೋಗಿ ಬೇಡಿದ.

“ಮಿಸ್ಟರ್, ಈ ಸಲ ಮಾತೆಯ ಪಲ್ಲಕ್ಕಿ ಹೊರೋ ಸರದಿ ನಂದು. ತಪ್ಪಿಸಿದ್ರೆ ಊರಲ್ಲಿ ಮುಖ ತೋರಿಸೋಕಾಗುತ್ತಾ?” ಎಂದ ಗೋಲ್‌ಕೀಪರ್ ವಾಲ್ದೆಮಾರ್.

“ಒಂದ್ ವಾರ ತಡೆದು ಹೋಗೋ.”

“ನಾನ್ ತಡೀಬಹುದು. ಮಾತೆ ತಡೀತಾಳಾ?”

ಕ್ಲಬ್ಬಿನ ಅಧ್ಯಕ್ಷ ಸಿಲ್ವೇರಿಯೊ ಎಲ್ಲರಿಗಿಂತ ಮೊದಲೇ ಹೊರಟಿದ್ದ.

ಪಂದ್ಯಕ್ಕೆ ಏಳೇ ಜನ ಬಂದರು. ಏಳಿದ್ದರೆ ಆಡಿಸಬಹುದು, ಆರಕ್ಕಿಳಿದರೆ ನಿಲ್ಲಿಸಬೇಕು, ನಿಯಮ ಹಾಗಿದೆ. ಅಡೆಲಿನೊ ಇಸ್ತ್ರಿ ಮಾಡಿದ ಕೋಟು ಹಾಕಿ ಗೆರೆಯ ಪಕ್ಕ ನಿಂತ. ಮೂರು ಗೋಲು ತಿಂದಾಗಲೂ ಅವನ ಮುಖದಲ್ಲಿ ಕಳೆಯಿತ್ತು. ಅರ್ಧ ಮುಗಿಯುವ ಮುಂಚೆ ಒಬ್ಬನ ಕಾಲು ಉಳುಕಿತು. ರೆಫ್ರಿ ಸೀಟಿ ಊದಿದ. ಪಂದ್ಯ ಆಡಿದ ಲೆಕ್ಕಕ್ಕೇ ಬರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಸಂಜೆ ಅಡೆಲಿನೊ ನನ್ನ ಅಂಗಡಿಯಲ್ಲಿ ಕೂತಿದ್ದಾಗ ಸಿಲ್ವೇರಿಯೊ ಊರಿನಿಂದ ಫೋನು ಮಾಡಿದ. ಹಿಂದೆ ಹಬ್ಬದ ಬ್ಯಾಂಡು, ಪಟಾಕಿ. ಅವನು ಅರಚಿದ್ದು ನನಗೂ ಕೇಳಿಸಿತು: “ಕ್ಲಬ್ಬಿನ ಮಾನ ಕಳೆದ್ಯಲ್ಲೋ! ನಾಳೆಯಿಂದ ಬರ್ಬೇಡ.”

ಸೆಪ್ಟೆಂಬರಿನಲ್ಲಿ ಎಲ್ಲರೂ ಬಿಸಿಲಿಗೆ ಕಪ್ಪಾಗಿ ಹಿಂತಿರುಗಿದರು. ಅಷ್ಟರಲ್ಲಿ ಕ್ಲಬ್ಬಿಗೆ ಜರ್ಮನ್ ಕೋಚ್ ಬಂದಿದ್ದ. ವಾಲ್ದೆಮಾರ್ ಊರಿನ ಸಾಸೇಜು ತಂದು ನನ್ನ ಅಂಗಡಿಯಲ್ಲಿ ಅಡೆಲಿನೊನ ಮುಂದಿಟ್ಟ.

“ತಿನ್ನಿ ಮಿಸ್ಟರ್. ಪಲ್ಲಕ್ಕಿ ಹೊತ್ತಾಗ ನಿಮ್ಮ ಹೆಸರಲ್ಲೂ ಬೇಡ್ಕೊಂಡೆ.”

“ಏನಂತ?”

“ನಿಮ್ಗೆ ಮೊದಲ ದರ್ಜೇಲಿ ಒಂದು ಪಂದ್ಯ ಸಿಗ್ಲಿ ಅಂತ.”

ಅಡೆಲಿನೊ ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಹೋದ. ನನಗೆ ಮೈಯೆಲ್ಲ ಉರಿದುಹೋಯಿತು. ಆ ಸಾಸೇಜನ್ನು ವಾಲ್ದೆಮಾರ್ ನೋಡುತ್ತಿದ್ದಂತೆಯೇ ಅಂಗಡಿಯ ನಾಯಿಗೆ ಹಾಕಿದೆ.